ನಗುವಿನ ತಾಬಾ

ನಮ್ಮಪ್ಪ ಕೋರ್ಟಿನಲ್ಲಿ ಬೇಲೀಫನಾಗಿದ್ದ. ಹಾಗೆಂದರೆ ಏನೆಂದು ಈಗ ಬೆಳಗಾವಿಯಲ್ಲೂ ಬಹಳ ಮಂದಿಗೆ ಗೊತ್ತಿಲ್ಲ, ಅದಕ್ಕೇ ಮೊದಲು ಹೇಳಿಬಿಡುತ್ತೇನೆ. ಒಂದು ಮನೆಗಾಗಿ ಇಬ್ಬರು ವರ್ಷಗಟ್ಟಲೆ ಬಡಿದಾಡಿ, ಕೊನೆಗೆ ನ್ಯಾಯಾಧೀಶರು ಇದು ಇಂಥವನದು ಎಂದು ತೀರ್ಪು ಬರೆದರು ಅನ್ನಿ. ಮನೆ ತಾನಾಗಿ ಎದ್ದು ಬಂದು ಗೆದ್ದವನ ಕೈಯಲ್ಲಿ ಕೂರುವುದಿಲ್ಲ. ಯಾರಾದರೂ ಹೋಗಿ ಕೊಡಿಸಬೇಕು. ಆ ಯಾರಾದರೂ ಅಂದರೆ ನಮ್ಮಪ್ಪ. ಅವನು ಹಾಗೆ ಕೊಡಿಸುತ್ತಿದ್ದುದಕ್ಕೆ ನಮ್ಮ ಕಡೆಯ ಕೋರ್ಟಿನ ಭಾಷೆಯಲ್ಲಿ ತಾಬಾ ಅನ್ನುತ್ತಾರೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಮಕ್ಕಳಿಗೆ ಹತೋಟಿ ಎಂದು ಬರೆಸುತ್ತೇನೆ, ಹಿಡಿತ ಎಂದು ಬರೆಸುತ್ತೇನೆ, ಅಧೀನ ಎಂದು ಬರೆಸಿ ಮಹಾಪ್ರಾಣ ತಪ್ಪಿದರೆ ಕೆಂಪು ಗೆರೆ ಎಳೆಯುತ್ತೇನೆ. ಪತ್ರಿಕೆಯವರು ದಿನಾ ಒಂದಲ್ಲ ಒಂದು ಬೆಂಕಿಯನ್ನು ಹತೋಟಿಗೆ ತರುತ್ತಲೇ ಇರುತ್ತಾರೆ. ಆದರೆ ಮಹಾಂತೇಶ ನಗರದ ನಮ್ಮ ತವರುಮನೆಯ ಹೊಸ್ತಿಲು ದಾಟಿದರೆ ಈ ಯಾವ ಶಬ್ದಕ್ಕೂ ಕಿಮ್ಮತ್ತಿಲ್ಲ. ಅಲ್ಲಿ ನಡೆಯುವುದು ತಾಬಾ ಒಂದೇ. ಕನ್ನಡದವರೂ ಅದನ್ನೇ ಅನ್ನುತ್ತಾರೆ, ಮರಾಠಿಯವರೂ ಅದನ್ನೇ ಅನ್ನುತ್ತಾರೆ, ಹಾಗಾಗಿ ಓಣಿಯಲ್ಲಿ ಯಾರಿಗೂ ಅರ್ಥ ಬಿಡಿಸಿ ಹೇಳುವ ಪ್ರಸಂಗ ಬಂದಿಲ್ಲ.

ಒಲೆಯ ಮೇಲೆ ಹಾಲಿಟ್ಟು ಅವ್ವ ಫೋನಿನಲ್ಲಿ ಮಾತಿಗೆ ನಿಂತರೆ, "ಹಾಲು ನಿನ್ನ ತಾಬಾದಾಗ ಐತೋ, ಒಲಿ ತಾಬಾದಾಗ ಐತೋ?" ಎಂದು ಅಪ್ಪ ಹೊರಗಿನಿಂದಲೇ ಕೇಳುವನು. ಸಂಜೆಯಾದ ಮೇಲೆ ಟಿವಿಯ ರಿಮೋಟು ಅವ್ವನ ತಾಬಾ, ಅದರಲ್ಲಿ ಯಾರದೂ ತಕರಾರಿಲ್ಲ. ನಾನು ಕಾಲೇಜಿಗೆ ಹೋಗುವಾಗ ಹಳೆಯ ಲೂನಾದ ಬ್ರೇಕು ಸಡಿಲಾಗಿತ್ತು. "ಗಾಡಿ ತಾಬಾದಾಗ ಇರಲಿಲ್ಲಂದ್ರ ಇಳದು ನೂಕ್ಕೊಂತ ಹೋಗು, ನಾಚಕಿ ಪಡಬ್ಯಾಡ" ಅನ್ನುತ್ತಿದ್ದ. ಎಲ್ಲಿಂದಲೋ ಬಂದ ಕಂದು ನಾಯಿಯೊಂದು ನಮ್ಮ ಕಟ್ಟೆಯ ಮೇಲೆ ಮಲಗಲು ಸುರು ಮಾಡಿದಾಗ ಅವ್ವ ಕೋಲು ಹಿಡಿದು ಹೊರಟಳು. ಅಪ್ಪ ಅವಳನ್ನು ತಡೆದು, "ಭಾಳ ದಿನ ಆತು ಅದು ಇಲ್ಲಿ ಕುಂತು. ಇನ್ನ ಎಬ್ಬಸಾಕ ಬರೂದಿಲ್ಲ. ಕಟ್ಟಿ ತಾಬಾ ಅದರದು" ಎಂದು ಕಾಯಿದೆ ಹೇಳಿ, ತನ್ನ ತಾಟಿನ ಅರ್ಧ ರೊಟ್ಟಿಯನ್ನು ನಾಯಿಗೆ ಹಾಕಿದ. ಆ ನಾಯಿ ಇಂದಿಗೂ ಕಟ್ಟೆ ಬಿಟ್ಟಿಲ್ಲ.

ಅಪ್ಪನ ಪ್ರಕಾರ ತಾಬಾದಲ್ಲಿ ಎರಡು ತರಹ. ಒಂದು ಖರೇ ತಾಬಾ. ಬೀಗ ತೆಗೆಸಿ, ಒಳಗಿನವರನ್ನೂ ಅವರ ಸಾಮಾನನ್ನೂ ಹೊರಗೆ ಮಾಡಿ, ಗೆದ್ದವನ ಕೈಗೆ ಕೀಲಿಕೈ ಇಡುವುದು. ಇನ್ನೊಂದು ಕಾಗದದ ತಾಬಾ. ಅದರಲ್ಲಿ ಒಳಗಿನ ಬಾಡಿಗೆದಾರ ಒಳಗೇ ಇರುತ್ತಾನೆ. ಬಾಗಿಲಿಗೆ ನೋಟೀಸು ಅಂಟಿಸಿ, ಹಲಗಿ ಬಾರಿಸಿ, ಮನೆ ಇನ್ನು ಮೇಲೆ ಇಂಥವರದು ಎಂದು ನಾಲ್ಕು ಮಂದಿಗೆ ಕೇಳುವಂತೆ ಒದರಿ ಬರುವುದು. ಎರಡರಲ್ಲಿ ಕಷ್ಟದ್ದು ಎರಡನೆಯದೇ ಎಂದು ಅಪ್ಪ ಹೇಳುತ್ತಿದ್ದ. ಇಷ್ಟೆಲ್ಲ ಒದರಿದ ಮೇಲೂ ಒಳಗಿನವನು ಊಟಕ್ಕೆ ಕೂತಲ್ಲಿಂದ ಅಲುಗಾಡಿರುವುದಿಲ್ಲವಲ್ಲ.

ಇಂಥ ಅಪ್ಪನ ಮನೆಯಲ್ಲಿ ಯಾರ ತಾಬಾಕ್ಕೂ ಬಾರದ ಒಂದು ವಸ್ತು ಇತ್ತು. ಅದು ನಗು.

ಅದು ಬಂದಿದ್ದು ಖಾನಾಪುರದಿಂದ, ಅವ್ವನ ತವರಿನಿಂದ. ಅವಳ ಕಡೆಯವರೆಲ್ಲ ಹಾಗೇ. ಮೊದಲು ಸಪ್ಪಳವೇ ಇರುವುದಿಲ್ಲ, ಭುಜ ಅಲುಗುತ್ತದೆ. ಆಮೇಲೆ ಕಣ್ಣಲ್ಲಿ ನೀರು. ಆಮೇಲೆ ಕುಕ್ಕರು ಸೀಟಿ ಹಾಕಿದ ಹಾಗೆ ಒಮ್ಮೆಲೇ. ನನಗೆ ಅದು ಪೂರಾ ಬಂದಿದೆ. ನನ್ನ ತಂಗಿಗೆ ನನಗಿಂತ ಒಂದು ಪಾಲು ಹೆಚ್ಚೇ ಬಂದಿದೆ. ಅವಳ ನಗು ಮೇಲಕ್ಕೆ ಹತ್ತಿ, ಅಲ್ಲಿ ಒಂದು ಗಳಿಗೆ ನಿಂತು, ಇಳಿಯುವಾಗ ಮೂಗಿನಿಂದ ಗೊರಕೆಯಂಥ ಸಪ್ಪಳ ಹೊರಡಿಸಿಕೊಂಡು ಬರುತ್ತದೆ. ಆ ಗೊರಕೆ ಕೇಳಿ ನಾವು ನಗುತ್ತೇವೆ, ನಾವು ನಕ್ಕದ್ದು ನೋಡಿ ಅವಳು ಮತ್ತೆ ಹತ್ತುತ್ತಾಳೆ. ಊಟಕ್ಕೆ ಕೂತಾಗ ಇದು ಸುರುವಾದರೆ ಅಪ್ಪ ತಾಟು ಹಿಡಿದುಕೊಂಡು ಎದ್ದುಹೋಗಿ ನಾಯಿಯ ಪಕ್ಕದಲ್ಲಿ ಕೂತು ಉಣ್ಣುತ್ತಿದ್ದ. "ನಗೀ ಮ್ಯಾಲ ಒಂದೀಟು ತಾಬಾ ಬ್ಯಾಡೇನು ಹೆಣ್ಣಮಕ್ಕಳಿಗೆ" ಅನ್ನುವುದು ಅಲ್ಲಿಂದಲೂ ಕೇಳುತ್ತಿತ್ತು.

ಅಪ್ಪನಿಗೆ ಈ ನಗುವಿನ ಮೇಲೆ ಒಂದು ಹಳೆಯ ಸಿಟ್ಟೂ ಇತ್ತು. ನಾನು ಸಣ್ಣವಳಿದ್ದಾಗ ಅವನಿಗೆ ಖಾನಾಪುರದ ಪೇಟೆಯಲ್ಲಿ ಒಂದು ಮನೆಯ ಕಾಗದದ ತಾಬಾ ಕೊಡುವ ಕೆಲಸ ಬಂತು. ಸೂಟಿ ಇತ್ತು, ನಾವೂ ಅಜ್ಜಿಯ ಮನೆಯಲ್ಲೇ ಇದ್ದೆವು. ಅವ್ವ ಸಂತೆಗೆಂದು ನನ್ನ ಕೈ ಹಿಡಿದು ಹೊರಟವಳು ಹಲಗಿಯ ಸಪ್ಪಳ ಕೇಳಿ ಅತ್ತ ತಿರುಗಿದಳು. ನೋಡಿದರೆ ಅಪ್ಪ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಕಾಗದ, ಬಾಜುವಿಗೆ ಹಲಗಿ ಬಾರಿಸುವವ. ಮನೆಯಲ್ಲಿ ಸಣ್ಣ ದನಿಯಲ್ಲಿ ಮಾತಾಡುವ ಅಪ್ಪನಿಗೆ ಅಂಥ ದೊಡ್ಡ ದನಿ ಇದ್ದದ್ದು ನನಗೆ ಗೊತ್ತೇ ಇರಲಿಲ್ಲ. ಮನೆಯ ಚತುಃಸೀಮೆ ಓದುತ್ತಿದ್ದ. "ಪೂರ್ವಕ್ಕ ರಸ್ತಾ, ಪಶ್ಚಿಮಕ್ಕ ಬಾವಿ, ದಕ್ಷಿಣಕ್ಕ ಹಿಟ್ಟಿನ ಗಿರಣಿ." ಉತ್ತರ ದಿಕ್ಕಿಗೆ ಬರುವಷ್ಟರಲ್ಲಿ ಗುಂಪಿನಲ್ಲಿದ್ದ ಒಬ್ಬ ಮುದುಕ ಕಿವಿಗೆ ಕೈ ಹಚ್ಚಿ, "ಅದೆಲ್ಲಾ ಇರಲಿ, ಸಿನಿಮಾ ಯಾವುದ್ರೀ?" ಎಂದು ಕೇಳಿದ. ಅವ್ವನ ಭುಜ ಅಲುಗಿತು. ಅಪ್ಪ ತಲೆಯೆತ್ತಿ ಹೆಂಡತಿಯನ್ನು ಕಂಡ. ಅವ್ವ ಸೀಟಿ ಹೊಡೆದಳು. ಅಪ್ಪನಿಗೆ ಓದುತ್ತಿದ್ದ ಸಾಲು ತಪ್ಪಿ, ಮತ್ತೆ ಪೂರ್ವದಿಂದ ಸುರು ಮಾಡಬೇಕಾಯಿತು.

ಅಪ್ಪ ಮರುದಿನ ಬೆಳಗಾವಿಯ ಬಸ್ಸಿನಲ್ಲಿ ಕೂತ ಮೇಲೆ, "ಸರಕಾರಿ ಕೆಲಸದ ಮುಂದ ನಗಬಾರದು" ಎಂದಷ್ಟೇ ಹೇಳಿದ. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹೌದೆಂದು ತಲೆ ಹಾಕಿದಳು. ಸೆರಗು ಕುಣಿಯುತ್ತಿತ್ತು.

ಇದೆಲ್ಲ ಮನೆಯೊಳಗಿನ ತಮಾಷೆಯಾಗಿ ಉಳಿದಿದ್ದರೆ ಬರೆಯುವ ಪ್ರಮೇಯ ಇರಲಿಲ್ಲ. ನನ್ನ ಮದುವೆ ಹೇಗೋ ಆಗಿಹೋಯಿತು, ನಾನು ಎರಡು ಓಣಿ ಆಚೆ ಸಂಸಾರ ಹೂಡಿದೆ. ತಂಗಿಯನ್ನು ನೋಡಲು ಬಂದವರ ಮುಂದೆ ಮಾತ್ರ ಈ ನಗು ಕೈಕೊಟ್ಟಿತು. ಬಂದವರಲ್ಲಿ ಭಾರಿ ಆಸಾಮಿಯೊಬ್ಬರು ಇದ್ದರು, ಹುಡುಗನ ದೊಡ್ಡಪ್ಪ. ಅವರಿಗೆ ಅಪ್ಪ ಪ್ಲಾಸ್ಟಿಕ್ ಕುರ್ಚಿ ಹಾಕಿದ. ಅವರು ತಮ್ಮ ಮನೆತನದ ಗಾಂಭೀರ್ಯವನ್ನು ವರ್ಣಿಸುತ್ತಿರುವಾಗಲೇ ಕುರ್ಚಿಯ ಹಿಂದಿನ ಕಾಲು ಒಂದು ಬದಿಗೆ ಸರಿಯತೊಡಗಿತು. ಅವರೂ ಬದಿಗೆ ಸರಿಯತೊಡಗಿದರು, ಆದರೆ ಮಾತು ನಿಲ್ಲಿಸಲಿಲ್ಲ. ಇನ್ನೇನು ನೆಲ ಮುಟ್ಟುತ್ತಾರೆ ಅನ್ನುವಾಗ ಅವ್ವ, ನಾನು, ತಂಗಿ ಮೂವರೂ ಒಟ್ಟಿಗೆ ನಕ್ಕುಬಿಟ್ಟೆವು. "ಈ ಮನೀ ಹೆಣ್ಣಮಕ್ಕಳಿಗೆ ಭಿಡೇನ ಇಲ್ಲ" ಎಂದು ಅವರು ಚಹಾ ಮುಟ್ಟದೆ ಎದ್ದರು. ಆ ಸಂಬಂಧ ತಪ್ಪಿದ್ದಕ್ಕೆ ತಂಗಿ ಒಂದು ಹೊತ್ತೂ ಬೇಸರ ಪಡಲಿಲ್ಲ. ಆದರೆ ಮಾತು ನೆಂಟರಲ್ಲೆಲ್ಲ ಹಬ್ಬಿತು.

ಬೇಸರ ಪಡುವ ಹೊತ್ತು ಮುಂದೆ ಬಂತು. ತಂಗಿ ಸಾಂಬ್ರಾದ ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುತ್ತಾಳೆ, ಪ್ರಯಾಣಿಕರ ಚೀಲ ತೂಗಿ ಚೀಟಿ ಅಂಟಿಸುವ ಕೌಂಟರಿನಲ್ಲಿ. ಅವಳು ಅಂಟಿಸಿದ ಚೀಲಗಳು ಪಟ್ಟಿಯ ಮೇಲೆ ಹರಿದು ರಬ್ಬರಿನ ಪರದೆಯ ಆಚೆ ಹೋಗುತ್ತವೆ. ಆ ಪರದೆಯ ಆಚೆ ಚೀಲ ಇಳಿಸಿಕೊಳ್ಳುವ ಮಂದಿಯ ಮೇಲೆ ಒಬ್ಬ ಸುಪರ್ವೈಜರ ಇದ್ದ, ಖಾನಾಪುರದ ಹುಡುಗ. ಒಂದು ದಿನ ತಂಗಿ ನನ್ನ ಮನೆಗೆ ಬಂದು, ಚಪ್ಪಲಿಯನ್ನೂ ಕಳಚದೆ ಬಾಗಿಲಲ್ಲೇ ನಿಂತು ಹೇಳಿದಳು.

"ಅಕ್ಕಾ, ನನಗ ಅವನ ಆಗಬೇಕು. ಬ್ಯಾರೆ ಯಾರನ್ನೂ ನಾ ಒಲ್ಲೆ."

ಅವಳು ನಗದೆ ಮಾತಾಡಿದ್ದನ್ನು ಅಂದೇ ನಾನು ಮೊದಲು ಕಂಡಿದ್ದು. ನನಗೆ ಸ್ವಲ್ಪ ಹೆದರಿಕೆಯೇ ಆಯಿತು.

ಅಪ್ಪ-ಅವ್ವ ಒಪ್ಪಿದರು. ಹುಡುಗನ ಮನೆಯ ಸುದ್ದಿ ತಿಳಿದುಕೊಂಡು ಬರಲು ಖಾನಾಪುರದಲ್ಲೇ ಇರುವ ನಮ್ಮ ಮಾಮಾ, ಅಂದರೆ ಅವ್ವನ ತಮ್ಮ, ಹೋಗಿಬಂದ. ಮುಖ ಇಷ್ಟು ಉದ್ದ ಮಾಡಿಕೊಂಡು ಬಂದ.

"ಮಂದಿ ಚಲೋ ಅದಾರ. ಮನ್ಯಾಗ ಕನ್ನಡಾನೂ ಐತಿ, ಮರಾಠೀನೂ ಐತಿ, ಊಟದ ಹೊತ್ತಿಗೆ ಎರಡೂ ಕೂಡೇ ನಡೀತಾವ. ಆದರ ಹುಡುಗನ ಆಯಿ, ಅವರಪ್ಪನ ಅವ್ವ, ಭಾಳ ಕಡಕ್. ಕಣ್ಣು ಮಂಜಾಗ್ಯಾವ, ಆದರೂ ಇಡೀ ಮನಿ ಅಕಿ ತಾಬಾದಾಗ ಐತಿ. ಕೀಲೀಕೈ ಗೊಂಚಲ ಇನ್ನೂ ಅಕಿ ಸೊಂಟದಾಗ ಐತಿ. ಅಕಿ ಹೂಂ ಅಂದ್ರ ಹೂಂ, ಊಹೂಂ ಅಂದ್ರ ಹುಡುಗ ಸೈತ ದಾಟೂ ಹಂಗಿಲ್ಲ. ಬರೂ ಐತವಾರ ಅಕೀನ ಬರ್ತಾಳ ಅಂತ." ಆಮೇಲೆ ನಮ್ಮ ಮೂವರ ಕಡೆ ಬೆರಳು ತೋರಿಸಿ ಹೇಳಿದ. "ನಿಮಗ ಕೈ ಮುಗೀತೀನಿ. ಅವತ್ತೊಂದು ದಿನ ಹಲ್ಲು ತೋರಸಬ್ಯಾಡ್ರಿ."

ತಂಗಿ ಎದ್ದು ಒಳಗೆ ಹೋದಳು. ಹಿಂದೆ ಹೋಗಿ ನೋಡಿದರೆ ಗ್ಯಾಸಿನ ಕಟ್ಟೆಗೆ ಒರಗಿ ನಿಂತಿದ್ದಳು. "ನನ್ನ ನಗೀನ ನನಗ ವೈರಿ ಆತಲ್ಲ ಅಕ್ಕಾ" ಅಂದಳು. ಅವಳ ನಗುವನ್ನು ತೊಟ್ಟಿಲಿನಿಂದ ಕೇಳಿಕೊಂಡು ಬಂದವಳು ನಾನು.

ಆಗ ಅಪ್ಪ ಅಧಿಕಾರ ವಹಿಸಿಕೊಂಡ. ನಿವೃತ್ತನಾದ ಮೇಲೆ ಅವನಲ್ಲಿ ಅಂಥ ಹುರುಪು ಕಂಡೇ ಇರಲಿಲ್ಲ. ಐತವಾರದೊಳಗೆ ಈ ಮನೆಯ ನಗುವನ್ನು ತಾಬಾಕ್ಕೆ ತಗೊಳ್ಳುವುದೇ ಸೈ ಎಂದು ದಿನಾ ಸಂಜೆ ತಾಲೀಮು ಇಟ್ಟ. ಪ್ಲಾಸ್ಟಿಕ್ ಕುರ್ಚಿಗಳನ್ನೆಲ್ಲ ಅಟ್ಟಕ್ಕೆ ಹಾಕಿಸಿದ. ಅವ್ವ, ನಾನು, ತಂಗಿ ಒಬ್ಬರ ಮುಖ ಒಬ್ಬರಿಗೆ ಕಾಣದ ಹಾಗೆ ಕೂರುವ ಜಾಗ ಗೊತ್ತು ಮಾಡಿದ. ತಾನು ಅವ್ವನ ಶಾಲು ಹೊದ್ದು, ಆಯಿಯಾಗಿ, ಮಂಚದ ಮೇಲೆ ಕೂತ.

"ಅಡಗಿ ಏನೇನು ಬರ್ತದವಾ?" ಎಂದು ಅಪ್ಪ ಹೆಣ್ಣುದನಿಯಲ್ಲಿ ಕೇಳಿದ.

ತಾಲೀಮು ಅಲ್ಲಿಗೇ ಮುಗಿಯಿತು. ಅವ್ವ ಗೋಡೆ ಹಿಡಿದುಕೊಂಡು ಜಾರಿ ನೆಲಕ್ಕೆ ಕೂತಳು. ಅಪ್ಪ ಶಾಲು ಕಿತ್ತೆಸೆದು, "ಇದು ಕಾಗದದ ತಾಬಾ ಆತು. ಬಾಗಲಿಗೆ ನೋಟೀಸ ಹಚ್ಚೇನಿ, ಒಳಗಿನ ಬಾಡಿಗಿದಾರ ಹಂಗ ಕುಂತಾನ" ಅಂದ. ಅದಕ್ಕೂ ನಕ್ಕೆವು.

ಕೊನೆಗೆ ಒಬ್ಬೊಬ್ಬರೂ ಒಂದೊಂದು ಉಪಾಯ ಹುಡುಕಿಕೊಂಡೆವು. ನನ್ನದು ಹತ್ತೊಂಬತ್ತರ ಮಗ್ಗಿ. ಮನಸ್ಸಿನಲ್ಲಿ ಅದನ್ನು ಹೇಳಿಕೊಳ್ಳುವವರಿಗೆ ನಗಲು ಪುರುಸೊತ್ತು ಸಿಗುವುದಿಲ್ಲ. ತಂಗಿಯದು ಲವಂಗ, ಹಲ್ಲಿನ ನಡುವೆ ಇಟ್ಟು ಕಚ್ಚಿ ಹಿಡಿಯುವುದು. ಅವ್ವ ಬಾಯಿ ತುಂಬ ನೀರು ಹಿಡಿದು ನೋಡಿದಳು. ಅದು ಮಾಮಾನ ಅಂಗಿಯ ಮೇಲೆ ಹೋಯಿತು. ಆಮೇಲೆ ಅವಳು ಅಡಿಕೆಯ ಒಂದು ಹೋಳನ್ನು ದವಡೆಯಲ್ಲಿ ಇಟ್ಟುಕೊಂಡಳು. ಶನಿವಾರ ಸಂಜೆ ಅಪ್ಪ ಮತ್ತೆ ಶಾಲು ಹೊದ್ದು ಕೂತು, ಹೆಣ್ಣುದನಿಯಲ್ಲಿ ಎಲ್ಲವನ್ನೂ ಕೇಳಿದ. ನಾವು ಮೂವರೂ ಕಲ್ಲಿನ ಹಾಗೆ ಕೂತಿದ್ದೆವು. ಅಪ್ಪ ಬಹಳ ಹೊತ್ತು ನಮ್ಮನ್ನೇ ನೋಡಿ, "ಖರೇ ತಾಬಾ" ಅಂದ. ಯಾಕೋ ಅವನ ದನಿಯಲ್ಲಿ ಗೆದ್ದ ಉಮೇದು ಇರಲಿಲ್ಲ.

ಐತವಾರ ಮಧ್ಯಾಹ್ನ ಅವರು ಬಂದರು. ಹುಡುಗ, ಅವನ ತಂದೆ-ತಾಯಿ, ಅವರನ್ನು ಕರೆತಂದ ನಮ್ಮ ಮಾಮಾ, ಮತ್ತು ಎಲ್ಲರ ಮುಂದೆ, ಮೊಮ್ಮಗನ ತೋಳು ಹಿಡಿದುಕೊಂಡು, ಆಯಿ. ಸಣ್ಣ ಆಳು. ಕಪ್ಪು ಕನ್ನಡಕ, ಹಸಿರು ಇಳಕಲ್ ಸೀರೆ, ನಡೆದಾಗೊಮ್ಮೆ ಸೊಂಟದಲ್ಲಿ ಕೀಲಿಕೈಗಳ ಸಪ್ಪಳ. ಕಟ್ಟೆಯ ಮೇಲಿನ ನಾಯಿ ಕೂಡ ಎದ್ದು ಜಾಗ ಬಿಟ್ಟಿತು. ಅದನ್ನು ನೋಡಿ ನಾನು ಆಗಲೇ ಹತ್ತೊಂಬತ್ತು ಒಂದಲೆ ಸುರು ಮಾಡಿದೆ.

"ಬರ್ರಿ, ಕುಂದರ್ರಿ" ಎಂದು ಅಪ್ಪ ಕಟ್ಟಿಗೆಯ ಕುರ್ಚಿ ಸರಿಸಿದ. ತಂಗಿ ಅವಲಕ್ಕಿ, ಕುಂದಾ, ಚಹಾ ತಂದಿಟ್ಟು ನಮಸ್ಕಾರ ಮಾಡಿದಳು. ಲವಂಗ ಕಚ್ಚಿದ್ದರಿಂದ ದವಡೆ ಬಿಗಿದಿತ್ತು. ಅಡಿಕೆ ಬಾಯಲ್ಲಿದ್ದ ಅವ್ವನಿಂದ ಮಾತು ಹೊರಡಲಿಲ್ಲ. ಆಯಿ ಒಂದು ಕೇಳಿದರೆ ತಂಗಿ "ಹೌದ್ರಿ" ಅನ್ನುವಳು, ಇನ್ನೊಂದು ಕೇಳಿದರೆ "ಇಲ್ರಿ" ಅನ್ನುವಳು. ಆಮೇಲೆ ಫ್ಯಾನಿನ ಸಪ್ಪಳ ಮಾತ್ರ.

ಬಿಗುವು ತಾಳಲಾರದೆ ಮಾಮಾ ಬಾಯಿ ಹಾಕಿದ. "ನಮ್ಮ ಹುಡುಗಿ ಭಾಳ ಬಡಪಾಯಿರಿ. ಬಾಯಾಗ ಬಟ್ಟು ಇಟ್ಟರೂ ಕಚ್ಚೂದಿಲ್ಲ." ಹೇಳುತ್ತ ತೋರಿಸಲೆಂದು ಬೆರಳನ್ನೂ ಎತ್ತಿದ. ತಂಗಿ ಮೂರು ವರ್ಷದವಳಿದ್ದಾಗ ಕಚ್ಚಿ ರಕ್ತ ತೆಗೆದದ್ದು ಅದೇ ಬೆರಳನ್ನು. ಗಾಯದ ಗುರುತು ಇನ್ನೂ ಇದೆ. ಎತ್ತಿದ ಮೇಲೆ ಅವನಿಗೂ ನೆನಪಾಗಿ, ಬೆರಳು ಅಲ್ಲೇ ನಿಂತಿತು.

ಬೇರೆ ಯಾವ ದಿನವಾದರೂ ನಾವು ಮೂವರೂ ನೆಲದ ಮೇಲೆ ಉರುಳುತ್ತಿದ್ದೆವು. ಅಂದು ಯಾರೂ ಹಂದಲಿಲ್ಲ. ಅಡಿಕೆ ಕಟಂ ಎಂದು ಒಡೆದದ್ದು ಕೇಳಿಸಿತು, ನನ್ನ ಮಗ್ಗಿ ಹತ್ತೊಂಬತ್ತು ಏಳಲೆಯಲ್ಲಿ ಸಿಕ್ಕಿಕೊಂಡಿತು, ತಂಗಿಯ ಕಣ್ಣಲ್ಲಿ ಲವಂಗದ ಖಾರಕ್ಕೆ ನೀರು ಬಂತು. ಆದರೆ ನಗು ಹೊರಬರಲಿಲ್ಲ. ನನಗೆ ಅಭಿಮಾನವಾಯಿತು. ಗೆದ್ದೆವು ಅಂದುಕೊಂಡೆ.

ಆಯಿ ಅವಲಕ್ಕಿಯ ತಾಟನ್ನು ಬದಿಗೆ ಸರಿಸಿದರು.

"ಮನ್ಯಾಗ ಯಾರರ ಹೋಗ್ಯಾರೇನು?" ಎಂದು ಅಪ್ಪನನ್ನು ಕೇಳಿದರು.

"ಇಲ್ರಿ" ಅಂದ ಅಪ್ಪ ಗಾಬರಿಯಾಗಿ.

"ಮತ್ತ ಮಣ್ಣಿಗೆ ಬಂದಂಗ ಆಗೇತೆಲ್ಲ ನನಗ." ಮೊಮ್ಮಗನ ಕಡೆ ತಿರುಗಿದರು. "ನೀ ಹೇಳಿದ್ದು ಇದ ಮನಿ ಹೌದಲ್ಲೋ? ಅಕೀನ ಇಕಿ?"

ಹುಡುಗ ನೆಲ ನೋಡುತ್ತ ಹೌದು ಅಂದ.

"ಹಂಗಾರ ನನಗ ಸುಳ್ಳು ಹೇಳೀದಿ." ಆಮೇಲೆ ಆಯಿ ನಮ್ಮೆಲ್ಲರಿಗೂ ಕೇಳುವಂತೆ, ಸಿಟ್ಟಿಲ್ಲದೆ ಹೇಳಿದರು. "ಇವ ಹೇಳಿದಾ, ಆಯಿ, ನಾ ಮೊದಲ ಅಕಿ ಮಾರಿ ನೋಡಿಲ್ಲ, ಚೀಲ ಇಳಸೂ ಮುಂದ ಪರದೇ ಆಚಿ ಕಡಿಂದ ನಗಿ ಕೇಳೇನಿ, ಕೇಳಿ ಕೈಯಾಗಿನ ಚೀಲ ಬಿಟ್ಟೇನಿ ಅಂತ. ನನಗ ಕಣ್ಣು ಕಾಣೂದಿಲ್ಲ. ಬಣ್ಣ ನೋಡಾಕ, ಮೂಗು ನೋಡಾಕ ಬಂದಿಲ್ಲ ನಾ. ಆ ನಗಿ ಕೇಳಾಕ ಬಂದೀನಿ." ಸೊಂಟದ ಗೊಂಚಲನ್ನು ಮುಟ್ಟಿಕೊಂಡರು. "ನಮ್ಮ ಮನ್ಯಾಗ ಎಲ್ಲಾ ನನ್ನ ತಾಬಾದಾಗ ಐತಿ. ಕಪಾಟು, ಕಣಜ, ಮಕ್ಕಳು, ಸೊಸಿ. ನಾ ಒಳಗ ಬಂದ್ರ ಎಲ್ಲಾರೂ ಸುಮ್ನ ಆಗ್ತಾರ. ಇವನ ಅಜ್ಜ ಹ್ವಾದ ಮ್ಯಾಲ ಆ ಮನ್ಯಾಗ ಯಾರೂ ಬಾಯಿ ಬಿಟ್ಟು ನಕ್ಕಿಲ್ಲ. ಇನ್ನೊಂದು ಸುಮ್ನ ಕುಂದ್ರೂ ಹುಡುಗಿ ಒಯ್ದು ನಾ ಏನ ಮಾಡಲಿ?"

ಮಾಮಾ ಮೊದಲು ಎಚ್ಚೆತ್ತ. "ನಗತಾಳ್ರಿ, ನಗತಾಳ. ಏ, ನಗವಾ. ನಗು."

ತಂಗಿ ಲವಂಗ ನುಂಗಿ, ಬಾಯಿ ತೆರೆದು, ಹೆ ಹೆ ಅಂದಳು. ಅದು ಕೆಮ್ಮಿನ ಹಾಗೆ ಕೇಳಿತು. ನಾನು ಸಹಾಯಕ್ಕೆಂದು ಸೇರಿಸಿದೆ, ನನ್ನದೂ ಹಾಗೇ ಬಂತು. ಬೇಡವೆಂದಾಗೆಲ್ಲ ಉಕ್ಕಿಕೊಂಡು ಬಂದ ನಗು, ಬಾ ಎಂದು ಕರೆದಾಗ ಎಲ್ಲಿ ಅಡಗಿತೋ ಗೊತ್ತಿಲ್ಲ. ಒಂದು ವಾರ ಅದನ್ನು ಕಟ್ಟಿ ಕಟ್ಟಿ ನಾವೇ ಅದರ ಉಸಿರು ನಿಲ್ಲಿಸಿಬಿಟ್ಟೆವೇನೋ ಅನಿಸಿ ನನಗೆ ಖರೇ ಅಂಜಿಕೆಯಾಯಿತು. ತಂಗಿ ನನ್ನ ಕಡೆ ನೋಡಿದಳು, ಅಪ್ಪ ಹಾಕಿಕೊಟ್ಟ ಜಾಗ ಮೀರಿ, ತಿರುಗಿ ನೋಡಿದಳು. ಆ ಮುಖವನ್ನು ನಾನು ಮರೆಯಲಾರೆ.

"ಇರಲಿ ಬಿಡವಾ, ತ್ರಾಸ ಮಾಡ್ಕೋಬ್ಯಾಡ" ಎಂದು ಆಯಿ ಎದ್ದರು. ಕೀಲಿಕೈ ಸಪ್ಪಳವಾಯಿತು. "ನಡ್ರಿ, ಹೋಗೂಣು."

ಮೊಮ್ಮಗ ತೋಳು ಕೊಡಲು ಬಂದ. ಅವನ ಮುಖ ಬಿಳಿಚಿತ್ತು. ಅವರು ಬಾಗಿಲ ತನಕ ಹೋದರು. ಅಷ್ಟರಲ್ಲಿ ಹಿಂದಿನಿಂದ ದಡ್, ದಡಾ, ದಡ್ ಎಂದು ಸಪ್ಪಳ ಬಂತು.

ಅಪ್ಪ ಎದ್ದು ನಿಂತಿದ್ದ. ಚಹಾ ತಂದಿದ್ದ ಸ್ಟೀಲಿನ ದೊಡ್ಡ ತಾಟನ್ನು ಹಲಗಿಯ ಹಾಗೆ ಎದೆಗೆ ಆನಿಸಿಕೊಂಡು ಚಮಚೆಯಿಂದ ಬಾರಿಸುತ್ತಿದ್ದ. ಬಾರಿಸುವುದು ನಿಲ್ಲಿಸಿ, ಖಾನಾಪುರದ ಪೇಟೆಯಲ್ಲಿ ನಾನು ಕೇಳಿದ್ದ ಅದೇ ದನಿಯನ್ನು ಹೊರಗೆ ತೆಗೆದ.

"ಕೇಳ್ರಿ ಕೇಳ್ರಿ. ಮಹಾಂತೇಶ ನಗರದ ಈ ಮನಿಯೊಳಗ ಭಾಳ ವರ್ಷದಿಂದ ಬಿಡಾರ ಮಾಡಿಕೊಂಡು ಕುಂತಂಥಾ ನಗಿ. ಸದರೀ ನಗಿಯ ಚತುಃಸೀಮಾ ಹಿಂಗ ಐತಿ. ಪೂರ್ವಕ್ಕ ಅಡಗೀಮನಿ. ಪಶ್ಚಿಮಕ್ಕ ನನ್ನ ಹೆಂಡತಿ."

ಅವ್ವನ ಭುಜ ಅಲುಗಿತು.

"ದಕ್ಷಿಣಕ್ಕ ಮಗ್ಗಿ ಹೇಳಾಕ ಹತ್ತಿದ ದೊಡ್ಡ ಮಗಳು. ಉತ್ತರಕ್ಕ ಕಟ್ಟಿ, ಕಟ್ಟಿ ಮ್ಯಾಲ ನಾಯಿ. ಇದರೊಳಗಿನ ಸಣ್ಣ ಮಗಳ ನಗೀನ, ಅದರ ಗೊರಕಿ ಸಹಿತ, ಖಾನಾಪುರದ ಆಯಿಯವರ ತಾಬಾಕ್ಕ ಕೊಡಲಾಗೇತಿ. ಯಾರದರ ತಕರಾರು ಇದ್ದರ ಈಗ ಹೇಳಬೇಕು."

ದಡ್ ದಡಾ ದಡ್.

ಬಾಗಿಲ ಹೊರಗಿದ್ದ ನಾಯಿ ತಾಟಿನ ಸಪ್ಪಳಕ್ಕೆ ರೊಟ್ಟಿಯ ಹೊತ್ತಾಯಿತೆಂದು ತಿಳಿದು ಒಳಗೆ ಮೂತಿ ತೂರಿಸಿತು. "ತಕರಾರ ಬಂತ ನೋಡ್ರಿ" ಅಂದಳು ಅವ್ವ, ಅಷ್ಟರಲ್ಲಿ ಅವಳ ಸೀಟಿ ಹಾರಿಹೋಗಿತ್ತು. ಅಡಿಕೆ ಚೂರುಗಳು ಎಲ್ಲೆಲ್ಲೋ ಬಿದ್ದವು. ನಾನು ಗೋಡೆಗೆ ಬಿದ್ದೆ. ಅಳಲು ಸಿದ್ಧವಾಗಿದ್ದ ತಂಗಿಯ ಮುಖ ಹಾಗೆಯೇ ತಿರುಗಿ, ನಗು ಮೇಲಕ್ಕೆ ಹತ್ತಿತು, ಅಲ್ಲಿ ನಿಂತಿತು, ಆಮೇಲೆ ಗೊರಕೆ ಹೊಡೆದುಕೊಂಡು ಇಳಿಯಿತು. ಆ ಗೊರಕೆಗೆ ಹುಡುಗನ ತಾಯಿ ನಕ್ಕರು. ಮೊದಲು ಅತ್ತೆಯ ಕಡೆ ಹೆದರಿ ನೋಡಿ, ಆಮೇಲೆ ನೋಡುವುದನ್ನು ಬಿಟ್ಟು ನಕ್ಕರು. ಮಾಮಾ ಕಚ್ಚಿಸಿಕೊಂಡ ಬೆರಳನ್ನು ಎಲ್ಲರಿಗೂ ತೋರಿಸುತ್ತ ಖರೇ ಸಂಗತಿಯನ್ನು ಒದರಿಯೇ ಬಿಟ್ಟ.

ಆಯಿ ಬಾಗಿಲಲ್ಲಿ ನಿಂತೇ ಇದ್ದರು. ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡರು. "ಇದ ಇದ" ಅಂದರು. "ಇದನ್ನ ಇಷ್ಟೊತ್ತು ಎಲ್ಲಿ ಮುಚ್ಚಿ ಇಟ್ಟಿದ್ರಿ?" ಹೇಳುತ್ತ ಹೇಳುತ್ತ ಅವರಿಗೂ ಬಂತು. ವರ್ಷಗಟ್ಟಲೆ ತೆಗೆಯದ ಬಾಗಿಲಿನ ಹಾಗೆ ಮೊದಲು ಕಿರುಗುಟ್ಟಿ, ಆಮೇಲೆ ಪೂರಾ ಬಂತು. ಕೀಲಿಕೈಗಳೆಲ್ಲ ಕುಣಿದವು.

ಎಲ್ಲರೂ ಸುಧಾರಿಸಿಕೊಂಡ ಮೇಲೆ ಆಯಿ ವಾಪಸು ಬಂದು ಕುರ್ಚಿಯಲ್ಲಿ ಕೂತು, ಅಪ್ಪನ ಮುಂದೆ ಅಂಗೈ ಚಾಚಿದರು. "ಬೇಲೀಫರ, ನಾನೂ ಭಾಳ ತಾಬಾ ಕಂಡಾಕಿ ಅದೀನಿ. ಬರೇ ಒದರಿದರ ಆಗೂದಿಲ್ಲ. ಖರೇ ತಾಬಾ ಕೊಡ್ರಿ."

ಅಪ್ಪ ತಾಟು ಕೆಳಗಿಟ್ಟ. ತಂಗಿಯನ್ನು ಕರೆದು, ಅವಳ ಕೈಯನ್ನು ಆಯಿಯ ಅಂಗೈಯಲ್ಲಿ ಇಟ್ಟ. ಇಟ್ಟ ಮೇಲೆ ತನ್ನ ಕೈಯನ್ನು ತಕ್ಷಣ ತೆಗೆಯಲಿಲ್ಲ.

ಮದುವೆ ಆಯಿತು. ತಂಗಿ ಈಗ ಖಾನಾಪುರದಿಂದ ಸಾಂಬ್ರಾಕ್ಕೆ ಗಂಡನ ಗಾಡಿಯ ಹಿಂದೆ ಕೂತು ಓಡಾಡುತ್ತಾಳೆ. ಅಪ್ಪನ ಮನೆಯಲ್ಲಿ ಹಾಲು ಈಗ ಅಪರೂಪಕ್ಕೂ ಉಕ್ಕುವುದಿಲ್ಲ. ಅವ್ವ ನಗುತ್ತಾಳೆ, ನಾನು ಹೋದಾಗ ಇಬ್ಬರೂ ನಗುತ್ತೇವೆ, ಆದರೆ ಗೊರಕೆ ಇಲ್ಲದೆ ನಗು ಬೇಗ ಮುಗಿದುಬಿಡುತ್ತದೆ. ಒಂದು ಸಲ ಊಟದ ಹೊತ್ತಿಗೆ ಅಪ್ಪ ತಾಟು ಹಿಡಿದುಕೊಂಡು ಎದ್ದ. ನಾವು ನಗುತ್ತಿರಲಿಲ್ಲ. ನಿಂತಲ್ಲೇ ಅದನ್ನು ನೆನಪಿಸಿಕೊಂಡು ಮತ್ತೆ ಕೂತ. "ಮಂದಿ ಮನಿ ಭಾಳ ಖಾಲಿ ಮಾಡಸೇನಿ. ನನ್ನ ಮನಿ ಖಾಲಿ ಮಾಡಿಕೊಡೂದು ಇಷ್ಟ ಜಡಾ ಇರ್ತದ ಅಂತ ಗೊತ್ತಿರಲಿಲ್ಲ" ಅಂದ. ಅವ್ವ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ದಿನಾ ಸಂಜೆ, ಟಿವಿ ಅವ್ವನ ತಾಬಾಕ್ಕೆ ಹೋಗುವ ಹೊತ್ತಿಗೆ ಸರಿಯಾಗಿ, ಖಾನಾಪುರದಿಂದ ಫೋನು ಬರುತ್ತದೆ. ಮಾಡುವವರು ಆಯಿ. ಹೆಚ್ಚು ಮಾತಿಲ್ಲ. "ಬೇಲೀಫರ, ನಿಮ್ಮ ಸಾಮಾನು ಸುರಕ್ಷಿತ ಐತಿ, ಕೇಳ್ರಿ" ಎಂದು ಫೋನನ್ನು ಅಡುಗೆಮನೆಯ ಕಡೆ ಹಿಡಿಯುತ್ತಾರೆ. ಅಲ್ಲಿ ಪಾತ್ರೆಗಳ ಸಪ್ಪಳ, ಎರಡು ಭಾಷೆಯ ಗದ್ದಲ, ಅದರ ನಡುವೆ ಮೇಲಕ್ಕೆ ಹತ್ತುವ ಒಂದು ನಗು, ಅದರ ಹಿಂದೆ ಇನ್ನೂ ಮೂರು ನಾಲ್ಕು. ಅಪ್ಪ ಫೋನನ್ನು ಕಿವಿಗೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಅವ್ವನಿಗೆ ಟಿವಿಯ ಸಪ್ಪಳ ಕಡಿಮೆ ಮಾಡೆಂದು ಸನ್ನೆ ಮಾಡುತ್ತಾನೆ. ಗೊರಕೆ ಬರುವ ತನಕ ಅವನು ಫೋನು ಇಡುವುದಿಲ್ಲ.